ಬಲಗಡೆಯ ಸೀಟು

ಧೀರಜ ಜೀಪಿನ ಮೇಲಿನ ತಾಡಪತ್ರಿಯನ್ನು ಎಳೆದಾಗ ಅದರಲ್ಲಿ ನಿಂತಿದ್ದ ರಾತ್ರಿಯ ಮಳೆನೀರೆಲ್ಲ ಅಪ್ಪಾಸಾಬ ಕಾಕಾನ ಬಿಳಿ ಧೋತರದ ಮೇಲೆ ಸುರಿಯಿತು. ಬೇರೆ ದಿನವಾಗಿದ್ದರೆ ಅವರು ಅಣ್ಣನ ಮಗನಿಗೆ ನಾಲ್ಕು ಮಾತು ಅಂದೇಬಿಡುತ್ತಿದ್ದರು. ಇಂದು ಸುಮ್ಮನೆ ಧೋತರ ಹಿಂಡಿಕೊಂಡರು.

ಅಣ್ಣ ನೇಮಿನಾಥರು ಒಳಗೆ ಪಡಸಾಲೆಯಲ್ಲಿ ಮಲಗಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ, ಬೆಳಗಿನ ಚಹಾ ಕುಡಿದು ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಮಾಲಗಾಂವದ ತಮ್ಮ ದ್ರಾಕ್ಷಿ ತೋಟದ ಬದುವಿನಲ್ಲೇ ತಮ್ಮನ್ನು ಸುಡಬೇಕೆಂದು ಎಷ್ಟೋ ಸಲ ಹೇಳಿದ್ದರು. ಆದರೆ ಮಿರಜದ ಮನೆಗೆ ಬಂದ ಶವದ ಗಾಡಿಯವನು ತೋಟದ ಹಾದಿ ಎಂಥದೆಂದು ಕೇಳಿಯೇ ಕೈ ಮುಗಿದುಬಿಟ್ಟ. ಮಳೆ ಬಿದ್ದ ಎರಿಮಣ್ಣಿನಲ್ಲಿ ಗಾಲಿ ಹೂತರೆ ಎತ್ತುವವರು ಯಾರು?

"ನಮ್ಮ ಜೀಪು ಹೋಗ್ತೈತಿ," ಅಂದ ಧೀರಜ. "ನಾಕೂ ಗಾಲಿ ತಿರಗ್ತಾವು. ಅಪ್ಪಾನ ಟ್ರೇಲರ್‌ನ್ಯಾಗ ಒಯ್ಯೋಣು. ನಾನ ನಡಸ್ತೇನಿ."

"ಹಂಗಾರ ಬಾಜೂಕ ನಾ ಕುಂದರ್ತೇನಿ," ಅಂದರು ಅಪ್ಪಾಸಾಬರು. "ಮೊದಲ ಪೆಟ್ರೋಲ್ ಹಾಕಿಸ್ಕೊಂಡ ಬರೋಣ ನಡಿ."

ಹೊಸ್ತಿಲಲ್ಲಿ ನಿಂತಿದ್ದ ನೇಮಿನಾಥರ ಹೆಂಡತಿ ಜಿನಮತಿಗೆ ಈ ಮಾತು ಕೇಳಿಸಿತು. ಆ ಜೀಪಿನಲ್ಲಿ ಪಕ್ಕದ ಸೀಟು ಬರೀ ಕೂರುವ ಸೀಟಲ್ಲ ಎಂಬುದು ಮೈದುನನಿಗೆ ಗೊತ್ತಿಲ್ಲ. ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನೇಮಿನಾಥರ ಅಕ್ಕ ಸರುಬಾಯಿ ಹೆಗಲ ಮೇಲೆ ಕೈಯಿಟ್ಟರು.

"ಒಳಗ ಬಾ ಜಿನಮತಿ. ಹೆಣ್ಮಕ್ಕಳು ಹೋಗೂದು ಈ ಹೊಸ್ತಿಲತನಕ."

ಬದುವಿನ ತನಕ ಅವರ ಜೊತೆಗೇ ಹೋಗಬೇಕು, ಇಪ್ಪತ್ತೇಳು ವರ್ಷ ಹೋದಂತೆ ಇಂದೂ ಹೋಗಬೇಕು ಎಂಬ ಒಂದೇ ಆಸೆ ಜಿನಮತಿಗಿತ್ತು. ಅದನ್ನು ಯಾರ ಮುಂದೆ ಹೇಳುವುದೆಂದು ತಿಳಿಯದೆ ಒಳಗೆ ಹೋಗಿ ಕುಳಿತರು.

*

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನೇಮಿನಾಥರು ಪುಣೆಯ ಕಡೆ ಮಿಲಿಟರಿ ಹರಾಜಿಗೆ ಹೋಗಿ ಆ ಜೀಪನ್ನೂ ಅದರ ಬೆನ್ನಿಗಿದ್ದ ಟ್ರೇಲರನ್ನೂ ತಂದಾಗ ಓಣಿಯೆಲ್ಲ ಬಂದು ನೋಡಿ ನಕ್ಕಿತ್ತು. ಸ್ಟೇರಿಂಗು ಎಡಗಡೆಗಿತ್ತು! ಯಾವುದೋ ದೇಶದ ರಸ್ತೆಗೆಂದು ಹುಟ್ಟಿದ ಗಾಡಿ. ಮುಂದೊಂದು ಲಾರಿ ಅಡ್ಡಬಂದರೆ ಅದರಾಚೆ ಏನಿದೆಯೆಂದು ನಡೆಸುವವನಿಗೆ ಕಾಣದು. ಕಾಣುವುದು ಬಲಗಡೆ ಕುಳಿತವರಿಗೆ.

"ಎದುರಿಗೆ ಏನರ ಬರಾಕತ್ತೇತೇನ ನೋಡು," ಎಂದಿದ್ದರು, ಹೆಂಡತಿಯನ್ನು ಮೊದಲ ಸಲ ಆ ಜೀಪಿನಲ್ಲಿ ಸಾಂಗಲಿಗೆ ಕರೆದೊಯ್ದ ದಿನ. "ಇಲ್ಲಂದ್ರ ಹೋಗ್ರಿ ಅನ್ನು."

ಜಿನಮತಿ ಸೆರಗನ್ನು ಹಲ್ಲಲ್ಲಿ ಕಚ್ಚಿ, ಹೊರಗೆ ಬಾಗಿ ನೋಡಿ, ಸೆರಗು ಬಿಟ್ಟು "ಹೋಗ್ರಿ" ಅಂದರು. ನೇಮಿನಾಥರು ಹೋದರು. ಖರೇನಾ ಎಂದು ಮತ್ತೊಮ್ಮೆ ಕೇಳಲಿಲ್ಲ. ಸಾರಿಗೆ ಎಷ್ಟು ಉಪ್ಪು ಎಂಬುದನ್ನೂ ಅತ್ತೆಯನ್ನು ಕೇಳಿಯೇ ಹಾಕುತ್ತಿದ್ದ ಹೆಂಗಸಿನ ಒಂದು ಮಾತಿಗೆ ಒಬ್ಬ ಗಂಡಸು ತನ್ನ ಜೀವ ಒಪ್ಪಿಸಿದ್ದ. ಆ ದಿನ ಮನೆಗೆ ಬಂದ ಮೇಲೂ ಜಿನಮತಿಯ ಎದೆ ಹೊಡೆದುಕೊಳ್ಳುತ್ತಿತ್ತು, ಹೆದರಿಕೆಯಿಂದಲ್ಲ.

ಬಲಕ್ಕೆ ತಿರುಗುವಾಗ ಕೈ ಚಾಚುವ ಕೆಲಸವೂ ಅವರಿಗೇ ಬಂತು. ಹಸಿರು ಬಳೆಯ ಕೈ ಹೊರಗೆ ಬಂತೆಂದರೆ ಹಿಂದಿನವರು ನಿಲ್ಲುತ್ತಿದ್ದರು. ಹೊಸ ಪೊಲೀಸರು ಮಾತ್ರ ತಪ್ಪದೆ ಬಲಗಡೆಗೇ ಬಂದು ಮರಾಠಿಯಲ್ಲಿ ಲೈಸನ್ಸ್ ಕೇಳುವರು. ಜಿನಮತಿ ಮಡಿಲಲ್ಲಿದ್ದ ಬದನೆಕಾಯಿಯ ಚೀಲ ತೋರಿಸುವರು. ಆಚೆ ಬದಿಯಲ್ಲಿ ನೇಮಿನಾಥರು ಏನೂ ಗೊತ್ತಿಲ್ಲದವರಂತೆ ಮುಂದೆ ನೋಡುತ್ತ ಕೂರುವರು.

ತೊಂಬತ್ತರ ನಂತರ ರಸ್ತೆ ರಸ್ತೆಯಾಗಿ ಉಳಿಯಲಿಲ್ಲ. ಸಾಂಗಲಿಗೂ ಮಿರಜಕ್ಕೂ ನಡುವೆ ಇದ್ದ ಹೊಲಗಳೆಲ್ಲ ಶೋರೂಮುಗಳಾದವು. ಮನೆಮನೆಗೆ ಮೋಟರ್‌ಸೈಕಲ್, ಸಾಲಸಾಲಾಗಿ ಮಾರುತಿ. ಜಿನಮತಿಯ ಬಾಯಲ್ಲಿ "ಹೋಗ್ರಿ" ಕಡಿಮೆಯಾಗಿ "ತಡೀರಿ" ಹೆಚ್ಚಾಯಿತು. ಕೈ ಚಾಚಿ ಚಾಚಿ ಹೆಗಲು ನೋಯುತ್ತಿತ್ತು.

"ಮೆಕ್ಯಾನಿಕ್ ದಾದಾಸಾಬ ಎರಡ ದಿನದಾಗ ಸ್ಟೇರಿಂಗ್ ಬಲಕ್ಕ ಮಾಡಿಕೊಡ್ತಾನಂತ. ಮಾಡಸ್ರಿ," ಅಂದರು ಒಮ್ಮೆ.

"ಇರ್ಲಿ ಬಿಡು," ಅಂದರು ನೇಮಿನಾಥರು.

ಜಿಪುಣ, ಎಂದುಕೊಂಡರು ಜಿನಮತಿ. ಆ ಸಿಟ್ಟನ್ನು ಹತ್ತು ವರ್ಷ ಉಪ್ಪಿನಕಾಯಿಯಂತೆ ಕಾಪಾಡಿಕೊಂಡು ಬಂದಿದ್ದರು.

*

ಪೆಟ್ರೋಲ್ ಹಾಕಿಸಲು ಹೋದ ಜೀಪು ಹದಿನೈದು ನಿಮಿಷದಲ್ಲಿ ತಿರುಗಿ ಬಂತು. ಅಪ್ಪಾಸಾಬರು ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದುಬಿಟ್ಟರು.

"ಹೋಗು ಅಂದ್ರಿ, ಆಮ್ಯಾಲ ನಿಂದ್ರು ಅಂದ್ರಿ," ಅಂದ ಧೀರಜ. "ಬಸ್ಸಿಗೆ ಬಡಿಯೂದು ಇಷ್ಟರಾಗ ಉಳೀತು ಕಾಕಾ."

"ಅದು ಅಷ್ಟ ಜಲ್ದಿ ಬರ್ತೈತಿ ಅಂತ ನನಗೇನ ಗೊತ್ತು?"

ಟ್ರೇಲರಿನ ಕೊಂಡಿ ನೋಡಲು ಬಂದಿದ್ದ ಮುದಿ ಮೆಕ್ಯಾನಿಕ್ ದಾದಾಸಾಬನ ಮೇಲೆ ಅಪ್ಪಾಸಾಬರ ಸಿಟ್ಟೆಲ್ಲ ತಿರುಗಿತು. "ಇಷ್ಟ ವರ್ಷ ಈ ಗಾಡಿ ರಿಪೇರಿ ಮಾಡ್ದಿ. ಆ ಸ್ಟೇರಿಂಗ್ ಒಂದ ಬಲಕ್ಕ ಹಾಕಾಕ ಆಗಲಿಲ್ಲೇನೋ?"

ದಾದಾಸಾಬ ಕೊಂಡಿಯಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ.

"ಮೂರ ಸಲ ಕೇಳೇನ್ರಿ. ಸಾಮಾನೂ ತಂದಿಟ್ಟಿದ್ನಿ. ಬ್ಯಾಡ ಅಂದ್ರು. 'ಸ್ಟೇರಿಂಗ್ ಬಲಕ್ಕ ಬಂದ್ರ ಆಕಿ ಬರೇ ಕುಂದ್ರಾಕಿ ಆಗ್ತಾಳ ದಾದಾಸಾಬ. ಈಗ ಇಬ್ಬರೂ ಕೂಡಿ ನಡಸ್ತೇವಿ' ಅಂದ್ರು. ನಾ ಏನ ಮಾಡ್ಲಿರಿ?"

ಬಾಗಿಲ ಬಳಿ ಕುಳಿತಿದ್ದ ತೋಟದ ಕೆಲಸದ ನಾಗವ್ವ, "ಖರೆ ಐತಿ. ಧಣಿ ಯಾರನ್ನೂ ಸುಮ್ಮ ಕುಂಡ್ರಸ್ಕೊಂಡ ಹೋದಾವ್ರಲ್ಲ, ಏನರ ಒಂದ ಕೆಲಸ ಹಚ್ಚತಿದ್ರು. ಆದ್ರ ಹಾದ್ಯಾಗೂ ಇಳಸ್ಲಿಲ್ಲ, ನಮ್ಮ ಗುಡಸಲ ಮುಂದ ತಂದ ಬಿಡತಿದ್ರು," ಎಂದು ಕಣ್ಣು ಒರೆಸಿಕೊಂಡಳು.

ಒಳಗೆ ಎಲ್ಲವನ್ನೂ ಕೇಳಿಸಿಕೊಂಡ ಜಿನಮತಿ ಗಂಡನ ಮುಖ ನೋಡಿದರು. ಬೆಳಗಿನಿಂದ ಬಾರದ ಅಳು ಈಗ ಬಂತು, ಅದರ ಜೊತೆಗೆ ನಗುವೂ. ಹತ್ತು ವರ್ಷ ಜಿಪುಣ ಅಂದುಕೊಂಡೆನಲ್ಲ! ಈ ಮನುಷ್ಯ ತನಗೆ ಎಷ್ಟು ಕೊಟ್ಟು ಹೋದನೆಂದು ಅವರಿಗೆ ಆಗ ತಿಳಿಯಿತು. ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಎಂದು ಒಂದು ಗಳಿಗೆ ಸಿಟ್ಟೂ ಬಂತು.

ಅಪ್ಪಾಸಾಬರು ಹೊಸ್ತಿಲಿಗೆ ಬಂದು ಅತ್ತಿಗೆಯನ್ನು ಕರೆದರು.

"ವೈನಿ, ನೀವ ಬರ್ರಿ."

"ಅಪ್ಪಾಸಾಬ, ಹೆಣ್ಮಕ್ಕಳು ಹೋಗೂದಿಲ್ಲೋ," ಅಂದರು ಸರುಬಾಯಿ.

"ನಾ ಕುಂತು ನೋಡೇನಿ ಅಕ್ಕಾ. ಆ ಸೀಟಿನ್ಯಾಗ ಕುಂದ್ರೂದು ನಮ್ಮಂಥಾವ್ರ ಕೆಲಸಲ್ಲ. ಅಣ್ಣ ತ್ವಾಟಾ ಮುಟ್ಟಬೇಕಂದ್ರ ವೈನಿ ಬರಬೇಕು."

ಸರುಬಾಯಿ ಜಿನಮತಿಯ ಕೈಯಲ್ಲಿನ್ನೂ ಇದ್ದ ಹಸಿರು ಬಳೆಗಳನ್ನು ನೋಡಿದರು. ಗಂಡನ ಅಕ್ಕನಾಗಿ ಅಲ್ಲ, ಒಡಹುಟ್ಟಿದ ಅಕ್ಕನಂತೆ ಅವರ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದು ಸರಿಮಾಡಿ, ದಾರಿಬಿಟ್ಟರು.

ದ್ರಾಕ್ಷಿಯ ಬುಟ್ಟಿಗಳು ಹೋಗುತ್ತಿದ್ದ ಟ್ರೇಲರಿನಲ್ಲಿ ನೇಮಿನಾಥರನ್ನು ಮಲಗಿಸಿದರು. ಹಿಂದೆ ನಾಲ್ಕಾರು ಗಾಡಿಗಳಲ್ಲಿ ಜನ ಹೊರಟರು. ಊರ ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡವಾದಾಗ ಧೀರಜ ವೇಗ ತಗ್ಗಿಸಿ ತಾಯಿಯತ್ತ ನೋಡಿದ. ಜಿನಮತಿ ಹೊರಗೆ ಬಾಗಿ ನೋಡಿದರು.

"ಹೋಗ್ರಿ," ಅಂದರು, ಮಗನಿಗೆ.

ಅವನು ತಿದ್ದಲಿಲ್ಲ. ಹೋದ.

ತೋಟದ ತಿರುವು ಬಂತು. ಹಿಂದಿನಿಂದ ಲಾರಿ, ಎದುರಿನಿಂದ ಎರಡು ಬಸ್ಸು. ಜಿನಮತಿ ಬಲಗೈಯನ್ನು ಪೂರ್ತಿ ಹೊರಗೆ ಚಾಚಿದರು. ಲಾರಿ ನಿಂತಿತು. ಎದುರಿನ ಬಸ್ಸುಗಳೂ ನಿಂತವು. ಜೀಪು ನಿಧಾನವಾಗಿ ಡಾಂಬರು ಬಿಟ್ಟು ಎರಿಮಣ್ಣಿಗೆ ಇಳಿಯಿತು, ಅದರ ಹಿಂದೆ ಟ್ರೇಲರೂ ಇಳಿಯಿತು. ತಿರುವು ಮುಗಿದು ದ್ರಾಕ್ಷಿಯ ಸಾಲುಗಳು ಶುರುವಾಗಿದ್ದವು, ಹಿಂದೆ ರಸ್ತೆಯಲ್ಲಿ ಲಾರಿ ಹೊರಟುಹೋಗಿತ್ತು. ಹಸಿರು ಬಳೆಯ ಆ ಕೈ ಇನ್ನೂ ಹೊರಗೇ ಇತ್ತು.