ಗೋಡೆಯೊಳಗಿನ ಜಾಯಿಂಟು

"ಎಷ್ಟು ತಿರುಗಿಸಿದ್ರೂ ನೀರು ನಿಲ್ತಿಲ್ಲ ಕಣಪ್ಪ, ನೀನೇ ನೋಡು," ಎಂದು ಅತ್ತೆ ಸಿಂಕಿನ ಕೆಳಗಿದ್ದ ವಾಲ್ವಿನತ್ತ ಕೈ ತೋರಿಸಿದರು. ಹೇಳಿದ್ದು ಕಿರಿಯಳಿಯನಿಗೆ.

ಬಾಗಿಲ ಬಳಿ ನಿಂತಿದ್ದ ಹಿರಿಯಳಿಯನಿಗೆ ಆ 'ನೀನೇ' ಸೂಜಿಯಂತೆ ಚುಚ್ಚಿತು. ಅವನು ದರ್ಜಿ. ಹದಿನಾರು ವರ್ಷದಿಂದ ಈ ಮನೆಯಲ್ಲಿ ಚಿಲಕ ಸಡಿಲವಾದರೂ, ಮಂಚದ ಕಾಲು ಅಲುಗಾಡಿದರೂ ಅತ್ತೆ ಕರೆಯುತ್ತಿದ್ದುದು ಅವನನ್ನೇ. ಈ ಪ್ಲಾಸ್ಟಿಕ್ ಪೈಪನ್ನು ಗೋಡೆಯೊಳಗೆ ಕೂರಿಸಿದವನೂ ಅವನೇ. ಪಂಪು ರಿಪೇರಿ ಮಾಡುವ ಈ ಷಡ್ಡಕ ಅಳಿಯನಾಗಿ ಇನ್ನೂ ಮೂರು ತಿಂಗಳಾಗಿಲ್ಲ.

"ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ," ಎಂದು ದರ್ಜಿ ಗೊಣಗಿದ.

"ಗೋಣಿನಾದ್ರೂ ಒಗೆಯೋರು ಬೇಕಲ್ಲಪ್ಪ," ಅತ್ತೆ ನಕ್ಕರು. "ನಿನಗೆ ಹೇಳಿ ಹದಿನೈದು ದಿನ ಆಯ್ತು."

ಕಿರಿಯಳಿಯ ಮಾಳಿಗೆ ಹತ್ತಿ ಟ್ಯಾಂಕಿನ ನೀರು ನಿಲ್ಲಿಸಿ ಬಂದ. ಮಂಡಿಯೂರಿ ಕುಳಿತು ಚೀಲದಿಂದ ವಾಲ್ವು ತಿರುಚುವ ದೊಡ್ಡ ಪಾನ ತೆಗೆದ. ದರ್ಜಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

ಗೋಡೆಯೊಳಗಿನ ಜಾಯಿಂಟಿನ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಅಂದು ಕೂರಿಸುವಾಗ ಪೈಪು ಗೇಣುದ್ದ ಸಾಲದೆ ಹೋಗಿತ್ತು. ತುಂಡುಗಳನ್ನು ಜೋಡಿಸುವ ಕಪ್ಲಿಂಗು ತರಲು ಮತ್ತೆ ಅಂಗಡಿಗೆ ಹೋಗುವವರಾರು? ಒಂದು ತುಂಡಿನ ಬಾಯನ್ನು ಒಲೆಯ ಉರಿಗೆ ಹಿಡಿದು, ಮೆತ್ತಗಾದಾಗ ಅಗಲಿಸಿ, ಇನ್ನೊಂದರ ಮೇಲೆ ಒತ್ತಿ, ಮೇಲೆ ಸಿಮೆಂಟು ಬಳಿದುಬಿಟ್ಟಿದ್ದ. ಉರಿ ಕಂಡ ಬಾಯಿ ತೆಳ್ಳಗಾಗುತ್ತದೆ. ಇಷ್ಟು ವರ್ಷಕ್ಕೆ ಅದು ಮೊಟ್ಟೆಯ ಚಿಪ್ಪೇ ಸರಿ. ಪಾನ ಹಾಕಿ ವಾಲ್ವು ತಿರುಚಿದರೆ ಒಳಗೇ ಒಡೆಯುತ್ತದೆ. ಆಮೇಲೆ ಗೋಡೆ ಅಗೆಯಬೇಕು. ಕೆಟ್ಟ ಹೆಸರು ಮಾತ್ರ ಷಡ್ಡಕನಿಗೆ.

ಮಾತು ನಾಲಿಗೆಯ ತುದಿಗೆ ಬಂತು. 'ಒಡೀಲಿ' ಎಂದುಕೊಂಡು ನುಂಗಿದ.

ಪಾನ ವಾಲ್ವನ್ನು ಕಚ್ಚಿತು. ಕಿರಿಯಳಿಯ ಒಮ್ಮೆ ಮೆಲ್ಲಗೆ ಅದುಮಿ ನೋಡಿ ಕೈ ತಡೆದ. ಪೈಪು ಹೊರಬರುವ ತೂತಿನ ಸಿಮೆಂಟನ್ನು ಮೊಳೆಯಿಂದ ಕೆರೆದು ಬೆರಳು ತೂರಿಸಿದ. ಒಳಗಿನ ಜಾಯಿಂಟಿನ ಉಬ್ಬನ್ನು ತಡವುತ್ತ ತಲೆಯೆತ್ತಿ ದರ್ಜಿಯ ಮುಖ ನೋಡಿದ.

"ಏನಾಯ್ತಪ್ಪ?" ಅತ್ತೆ ಬಗ್ಗಿದರು.

"ಏನಿಲ್ಲ ಅತ್ತೆ. ಭಾವ ಹಾಕಿದ್ದು ಗಟ್ಟಿಯಾಗಿದೆ, ತಿರುಗಿಸಿ ಬಿಚ್ಚಕ್ಕಾಗಲ್ಲ. ಕೊಯ್ದೇ ತೆಗೀಬೇಕು." ಆಮೇಲೆ ದನಿ ತಗ್ಗಿಸಿದ. "ಭಾವ, ಬನ್ನಿ. ಪೈಪು ಅಲುಗಾಡದ ಹಾಗೆ ಹಿಡ್ಕೊಳ್ಳಿ. ಎಲ್ಲಿ ಹಿಡೀಬೇಕು ಅಂತ ನಿಮಗೇ ಗೊತ್ತಲ್ಲ."

ದರ್ಜಿ ಕುಕ್ಕರಗಾಲಲ್ಲಿ ಕುಳಿತು ಪೈಪನ್ನು ಗೋಡೆಗೆ ಒತ್ತಿ ಎರಡೂ ಕೈಯಲ್ಲಿ ಹಿಡಿದ. ಗರಗಸ ಆಡಿದಂತೆಲ್ಲ ಬಿಳಿ ಪುಡಿ ಅವನ ಮುಂಗೈ ಮೇಲೆ ಉದುರಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಷಡ್ಡಕ ಗರಗಸದ ಮೇಲೇ ಕಣ್ಣಿಟ್ಟು ಕೊಯ್ಯುತ್ತಿದ್ದ.

ಹೊಸ ವಾಲ್ವಿಗೆ ಅಂಟು ಬಳಿದು ಕೂರಿಸಿ, ಒಣಗಲು ಬಿಟ್ಟು, ಸಂಜೆಗೆ ನೀರು ಬಿಟ್ಟರು. ಅತ್ತೆ ಅದರ ನೀಲಿ ಹಿಡಿಯನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ನಲ್ಲಿಯಲ್ಲಿ ಒಂದು ಹನಿಯಿಲ್ಲ.

"ಇಬ್ರೂ ಕೈ ಹಾಕಿದ್ರಲ್ಲ, ಅದಕ್ಕೇ," ಎಂದರು. ಅನ್ನುವಾಗ ಅವರ ಕೈ ಇದ್ದುದು ಕಿರಿಯಳಿಯನ ಹೆಗಲ ಮೇಲೆ.

ದರ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಕುಳಿತ. ಕೊಯ್ದು ತೆಗೆದ ಹಳೆಯ ವಾಲ್ವು ಅವನ ಅಂಗೈಯಲ್ಲಿತ್ತು. ಮುಚ್ಚುವವನಂತೆ ಅದರ ತಲೆಯನ್ನು ಬಲಕ್ಕೆ ತಿರುಗಿಸಿದ. ತಿರುಗಿತು. ಇನ್ನೂ ತಿರುಗಿಸಿದ. ಎಲ್ಲೂ ತಡೆಯದೆ ಅದು ತಿರುಗುತ್ತಲೇ ಇತ್ತು.