ತಳದ ನೀರು

ಇಷ್ಟು ಹಗುರವಾಗಿ ಏಕೆ ಬರುತ್ತಿದೆ ಇದು, ಸರಪಳಿ ಅವಳ ಅಂಗೈಗೆ ತಣ್ಣಗೆ ತಾಗುತ್ತಿದೆ, ಭಾರವೇ ಇಲ್ಲ, ಬೇರೆ ಸಲ ಎಳೆದೆಳೆದು ಸೊಂಟ ಬಿದ್ದುಹೋಗುತ್ತಿತ್ತು, ಕೊಲ್ಲಿಯ ನೀರು ಅಲೆಯಿಲ್ಲದೆ ಎಣ್ಣೆಯ ಹಾಗೆ ನಿಂತಿದೆ, ಗಾಳಿ ಬೀಸಿ ಎಷ್ಟು ದಿನವಾಯಿತೋ — ದೋಣಿಯ ಎಂಜಿನ್ ಪಕ್ಕ ಕುಳಿತ ಭಾವ ಸೀಟಿ ಹಾಕುತ್ತಿದ್ದಾರೆ, ಆ ಸೀಟಿ ಕೇಳಿದರೆ ಅಕ್ಕನಿಗೆ ಮೈಯುರಿ, ಏನು ಡಾಕ್ಟ್ರಮ್ಮ, ಬಂತಾ ನಿನ್ನ ರೋಗಿ, ಬರ್ತಾ ಇದೆ ಭಾವ, ಸಮುದ್ರಕ್ಕೆ ಡಾಕ್ಟರು ಎಂದು ಅವಳಿಗೆ ಹೆಸರಿಟ್ಟವರೂ ಅವರೇ, ರೋಗಿ ಬಾಯಿಬಿಡಲ್ಲ, ಅದಕ್ಕೇ ನಿನ್ನ ಕೆಲಸ ಸುಲಭ ಎಂದು ನಗುವವರೂ ಅವರೇ. ರೋಗಿಯಲ್ಲ, ಸೆನ್ಸರ್, ಕೊಲ್ಲಿಯ ತಳದಲ್ಲಿ ಕುಳಿತು ನೀರಿನ ಬಿಸಿ, ಉಪ್ಪು, ಆಮ್ಲಜನಕ ಅಳೆದು ಅವಳ ಮೇಜಿಗೆ ಅಂಕಿ ಕಳಿಸುವುದು. ಪ್ರತಿ ಸಲ ಅದಕ್ಕೆ ಗಡ್ಡ ಬೆಳೆದಿರುತ್ತದೆ, ಪಾಚಿ, ಎಳೆ ಚಿಪ್ಪು, ಸಿಮೆಂಟಿನಂತೆ ಕಚ್ಚಿಕೊಂಡ ಬಿಳಿ ಹುಳುಗಳು, ಅವಳು ಚಾಕು ಹಿಡಿದು ಕೆರೆಯಬೇಕು, ಅಂಟಿಕೊಂಡ ಜೀವಗಳೇ ಸುತ್ತಲಿನ ಆಮ್ಲಜನಕ ಕುಡಿದುಬಿಡುತ್ತವೆ, ಅಂಕಿ ಬೀಳುತ್ತದೆ, ಹಾಗಾಗಿ ಅಂಕಿ ಬಿದ್ದರೆ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಗಡ್ಡ ಬಂದಿದೆ, ಅದನ್ನು ಬಿಟ್ಟು ಲೆಕ್ಕ ಹಾಕಿ. ಈ ಸಲವೂ ಬಿತ್ತು, ಬೀಳುತ್ತಲೇ ಹೋಯಿತು, ಫ್ಯಾನಿನ ಕೆಳಗೆ ಕುಳಿತು ಅವಳೂ ಗಡ್ಡ ಎಂದಳು, ಕುಣಿಯಲಾರದವಳಿಗೆ ನೆಲ ಡೊಂಕಾದರೆ ಅವಳಿಗೆ ಸೆನ್ಸರ್ ಡೊಂಕು.

ಸರಪಳಿಯ ಕೊನೆಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಆಮೇಲೆ ಅದು ಬಂತು, ಬೋಳಾಗಿ, ಫಳಫಳ ಹೊಳೆಯುತ್ತ, ಅಂಗಡಿಯಿಂದ ಈಗ ತಂದ ಹಾಗೆ, ಒಂದು ಎಳೆ ಪಾಚಿಯಿಲ್ಲ, ಒಂದು ಚಿಪ್ಪಿಲ್ಲ. ಅಂಟಿಕೊಳ್ಳಲು ಕೆಳಗೆ ಯಾರೂ ಉಳಿದಿಲ್ಲ. ಗಾಳಿಯಿಲ್ಲ, ಕಲಕುವವರಿಲ್ಲ, ಬಿಸಿ ನೀರು ಮೇಲೆ ಮುಚ್ಚಳ ಹಾಕಿ ಕುಳಿತಿದೆ, ತಳಕ್ಕೆ ಉಸಿರು ಹೋಗಿಲ್ಲ, ಸೆನ್ಸರ್ ದಿನವೂ ನಿಜವನ್ನೇ ಹೇಳಿತ್ತು. ಮತ್ತೆ ನೆನಪಿಗೆ ಬಂತು ಆ ಸಂಜೆ, ಅಕ್ಕನ ಅಡುಗೆಮನೆ, ಸಿಂಕಿನಲ್ಲಿ ನೀರಿನ ಸದ್ದು, ಭಾವ ನೆಲದ ಮೇಲೆ ಕುಳಿತು, ಕೊಲ್ಲಿಯಲ್ಲಿ ಇಳಿಬಿಟ್ಟು ಬೆಳೆಸಿ ಮಾರಲು, ಹಗ್ಗಕ್ಕೆ ಮರಿಚಿಪ್ಪು ಕಟ್ಟುತ್ತಿದ್ದಾರೆ, ಮೇಲೆ ನೀರು ಬಿಸಿ ಕಣೇ, ಈ ಸಲ ಉದ್ದದ ಹಗ್ಗ ಹಾಕಿ ತಳದ ಹತ್ತಿರಕ್ಕೇ ಬಿಡೋಣ ಅಂತಿದ್ದೀನಿ, ಅಲ್ಲಿ ನೀರು ಹೇಗಿದೆ, ಮತ್ತು ಅವಳು, ದೇವರೇ, ಅವಳು ಲೋಟದಿಂದ ತಲೆಯೆತ್ತದೆ, ಚೆನ್ನಾಗಿದೆ ಭಾವ, ಸೆನ್ಸರ್‌ಗೆ ತಲೆ ಕೆಟ್ಟಿದೆ ಅಷ್ಟೇ, ಧೈರ್ಯವಾಗಿ ಇಳಿಸಿ. ಇವಳು ಹೇಳಿದ್ರೆ ಸಮುದ್ರವೇ ಹೇಳಿದ ಹಾಗೆ, ಎಂದಳು ಅಕ್ಕ. ಇಳಿಸಿದರು. ವರ್ಷದ ಸಾಕಣೆ ಪೂರ್ತಿ, ಮರಿ ಕಚ್ಚಿಕೊಳ್ಳುವವರೆಗೂ ಹಗ್ಗ ಅಲ್ಲಾಡಿಸಬಾರದೆಂದು ಹತ್ತಿರಕ್ಕೂ ಹೋಗದೆ ಕಾದಿದ್ದಾರೆ, ಇವತ್ತು ಇಲ್ಲಿಂದ ನೇರ ಅಲ್ಲಿಗೇ, ಮೊದಲ ಹಗ್ಗ ನೀನೇ ಎತ್ತಬೇಕು ಎಂದು ಬೆಳಿಗ್ಗೆಯೇ ಹೇಳಿದ್ದಾರೆ. ಹೇಳದಿದ್ದರೆ? ಹಗ್ಗವೇ ಹೇಳುತ್ತದೆ, ಬಾಯಿ ತೆರೆದ ಖಾಲಿ ಚಿಪ್ಪುಗಳು, ಅದನ್ನು ಅವರು ಒಬ್ಬರೇ ಕಂಡುಕೊಳ್ಳುವುದು ಬೇಡ, ಅಷ್ಟಾದರೂ ಬೇಡ.

ಅರೆ, ಕೆರೆಯೋ ಕೆಲಸ ಉಳೀತಲ್ಲ, ಎನ್ನುತ್ತ ಭಾವ ಅವಳ ಕೈಯಿಂದ ಸೆನ್ಸರ್ ತೆಗೆದುಕೊಂಡರು, ಅಂಗಿಯ ಅಂಚಿನಿಂದ ಅದರ ಮುಖ ಒರೆಸಿದರು, ಮಗುವಿನ ಮುಖ ಒರೆಸಿದ ಹಾಗೆ, ಎಷ್ಟು ನಾಜೂಕು ಆ ಒರಟು ಕೈ. ಭಾವ, ಅಲ್ಲಿಗೆ ಹೋಗೋ ಮೊದಲು ಒಂದು ಮಾತು. ಏನು? ಇದರ ಮೇಲೆ ಏನೂ ಬೆಳೆದಿಲ್ಲ. ಅದೇ ಒಳ್ಳೇದಲ್ವಾ? ಅಲ್ಲ ಭಾವ. ತಳದಲ್ಲಿ ಬದುಕಿರೋದು ಏನೂ ಇಲ್ಲ. ನಾನು ಹೇಳಿದ್ದು ತಪ್ಪು, ನಿಮ್ಮ ಹಗ್ಗ — ಭಾವ ಎಂಜಿನ್ ನಿಲ್ಲಿಸಿದರು, ಬೈಯಲಿ, ಒಂದು ಮಾತು ಬೈದುಬಿಡಲಿ, ಅವರು ಬೈಯಲಿಲ್ಲ, ತಲೆ ಬಗ್ಗಿಸಿ ಉಗುರಿನಿಂದ ಸೆನ್ಸರನ್ನು ಮೆಲ್ಲಗೆ ಕೆರೆದರು, ಏನಾದರೂ ಏಳುತ್ತದೇನೋ ಎಂದು, ತಿರುಗಿಸಿ ಹಿಂದುಗಡೆಯೂ ಕೆರೆದರು, ಉಗುರು ಜಾರಿತು, ಮತ್ತೆ ಇಟ್ಟರು, ಜಾರಿತು, ಮತ್ತೆ ಕೆರೆಯುತ್ತಿದ್ದಾರೆ, ಬೋಳು ಉಕ್ಕು, ಉಗುರು, ಮತ್ತೆ ಕೆರೆಯುತ್ತಿದ್ದಾರೆ