ಅಲುಗುವ ಹಾಸಿಗೆ

ಎರಡು ತಿಂಗಳು ಮುಂಚೆಯೇ ಹುಟ್ಟಿಬಿಟ್ಟ ಹುಡುಗಿಗೆ ಆಸ್ಪತ್ರೆಯವರೆಲ್ಲ ಚಿಟಿಕೆ ಎಂದೇ ಹೆಸರಿಟ್ಟಿದ್ದರು. ಚಿಟಿಕೆಗೆ ಉಸಿರಾಡುವುದು ಆಗಾಗ ಮರೆತುಹೋಗುತ್ತಿತ್ತು. ಆಗ ಸಿಸ್ಟರ್ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಅಂಗಾಲಿಗೆ ಮೆಲ್ಲಗೆ ತಟ್ಟುವರು, ಥಟ್ಟನೆ ನೆನಪಾಗುವುದು. ಸತತ ಐದು ದಿನ ಮರೆಯದಿದ್ದರೆ ಮನೆಗೆ ಕಳಿಸುತ್ತೇವೆ ಎಂದಿದ್ದರು ದೊಡ್ಡ ಡಾಕ್ಟರು. ಅಪ್ಪನಿಗೆ ಆ ಐದು ದಿನದ್ದೇ ಜಪ.

ಅಷ್ಟರಲ್ಲಿ ಹೊಸ ಯಂತ್ರ ಬಂತು. ಎದೆಗೊಂದು ತಂತಿಯಿಲ್ಲದ ಪಟ್ಟಿ ಅಂಟಿಸಿದರೆ ಸಾಕು, ಉಸಿರು ನಿಂತ ಕೂಡಲೇ ಹಾಸಿಗೆ ತಾನಾಗಿ ಅಲುಗುತ್ತದೆ, ಔಷಧದ ಗೊಡವೆಯಿಲ್ಲ. ಯಂತ್ರದವನು ಪರೀಕ್ಷೆಗೆಂದು ಮೊದಲು ಅಪ್ಪನ ಎದೆಗೆ ಪಟ್ಟಿ ಅಂಟಿಸಿ, ಉಸಿರು ಬಿಗಿಹಿಡಿಸಿ, ಹಾಸಿಗೆ ಅಲುಗಿದ್ದು ಕಂಡು ಖುಷಿಪಟ್ಟ. ಮಗುವಿಗೂ ಒಂದು ಅಂಟಿಸಿದ. ಅಪ್ಪನದನ್ನು ಕೀಳಲು ಮರೆತು ಹೊರಟುಹೋದ. ಅಪ್ಪನೋ ಆಸ್ಪತ್ರೆಯ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಪ್ರಾಣಿ. ಹೆತ್ತವರಿಗೂ ಒಂದು ಇರಬೇಕೇನೋ ಅಂದುಕೊಂಡು, ಸ್ನಾನದಲ್ಲೂ ಅದು ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ ಕಾಪಾಡಿಕೊಂಡ.

ಶುರುವಾಯಿತು ನೋಡಿ ಫಜೀತಿ. ಅಪ್ಪ ಪಕ್ಕದಲ್ಲಿ ಕೂತಷ್ಟು ಹೊತ್ತೂ ಹಾಸಿಗೆ ಅಲುಗಿದ್ದೇ ಅಲುಗಿದ್ದು. ಮೊದಲ ದಿನ ನಲವತ್ತು ಸಲ, ಮರುದಿನ ಅರವತ್ತು. ಗೋಡೆಯ ಮೇಲಿನ ಹಳೇ ಯಂತ್ರ ಮಾತ್ರ ಮಗು ನೆಟ್ಟಗೆ ಉಸಿರಾಡುತ್ತಿದೆ ಎಂದೇ ಸಾಧಿಸುತ್ತಿತ್ತು. ಹಳೇದರ ಮಾತಿಗೆ ಯಾರು ಕಿವಿಗೊಡುತ್ತಾರೆ? ಅದನ್ನೇ ರಿಪೇರಿಗೆ ಕಳಿಸಿದರು. ಐದು ದಿನದ ಲೆಕ್ಕ ದಿನವೂ ಸೊನ್ನೆಗೆ ಬಂದು ಕೂರುತ್ತಿತ್ತು. ಮಗಳು ಈ ಪೆಟ್ಟಿಗೆಯಲ್ಲೇ ದೊಡ್ಡವಳಾಗಿಬಿಡುತ್ತಾಳೆ ಎಂದು ಅಪ್ಪನಿಗೆ ಎದೆ ಒಡೆಯುವಂತಾಯಿತು.

"ಇವ್ರು ಬಂದಾಗ್ಲೇ ಯಾಕೆ ಹೀಗಾಗತ್ತೆ?" ಎಂದು ಸಿಸ್ಟರ್ ಅವನ ಹೆಂಡತಿಯನ್ನು ಕೇಳಿದರು.

"ಇವ್ರದ್ದು ವಾಚ್ ರಿಪೇರಿ ಅಲ್ವಾ ಸಿಸ್ಟರ್. ಎಳ್ಳಿನಷ್ಟು ಚಕ್ರ ಕೂರಿಸೋವಾಗ ಉಸಿರೇ ಬಿಡಲ್ಲ, ಹಾರಿಹೋಗತ್ತೆ ಅಂತ. ಇಲ್ಲೂ ಹಂಗೇ ಕೂತಿರ್ತಾರೆ."

ಸಿಸ್ಟರ್ ತಿರುಗಿ ನೋಡಿದರು. ಅಪ್ಪನ ಮುಖ ಕೆಂಪಗಾಗಿತ್ತು, ಹಾಸಿಗೆ ಅಲುಗುತ್ತಿತ್ತು. ಅವನ ಅಂಗಿಯ ಗುಂಡಿ ಬಿಚ್ಚಿಸಿದರೆ ಪಟ್ಟಿ ಹೊಚ್ಚಹೊಸದರಂತೆ ಕೂತಿದೆ. ಯಾವ ಎದೆಯಲ್ಲಿ ಉಸಿರು ನಿಂತರೇನು, ಅಲುಗಿಸುವುದಷ್ಟೇ ಯಂತ್ರಕ್ಕೆ ಗೊತ್ತಿತ್ತು.

"ಮಗು ಹಾರಿಹೋಗಲ್ಲ ರೀ," ಎಂದು ಸಿಸ್ಟರ್ ಪಟ್ಟಿಯನ್ನು ಸರಕ್ಕನೆ ಕಿತ್ತರು.

ಆಮೇಲಿನ ಐದು ದಿನ ಹಾಸಿಗೆ ಒಮ್ಮೆಯೂ ಅಲುಗಲಿಲ್ಲ. ದೊಡ್ಡ ಡಾಕ್ಟರು ಮನೆಗೆ ಕಳಿಸುವ ಚೀಟಿಯಲ್ಲಿ ಬರೆದರು: ಮಗು ಆರೋಗ್ಯವಾಗಿದೆ, ತಂದೆಯ ಮೇಲೆ ಕಣ್ಣಿಡಿ.

ಹೊರಡುವ ಹೊತ್ತಿಗೆ ಸಿಸ್ಟರ್ ಚಿಟಿಕೆಯನ್ನು ಅಪ್ಪನ ಕೈಗಿಟ್ಟರು. ಅವನು ಅವಳನ್ನು ಎತ್ತಿಕೊಳ್ಳುತ್ತಿದ್ದುದು ಅದೇ ಮೊದಲು. ಸ್ಟೂಲಿನ ಕಂಬಿಯ ಮೇಲೆ ಬರಿಗಾಲಿಟ್ಟು, ಮಗಳ ಮುಖಕ್ಕೆ ಮುಖ ತಂದು, ಅಲ್ಲಾಡದೆ ಕೂತುಬಿಟ್ಟ. ಹೆಂಡತಿ ಬಗ್ಗಿ ಅವನ ಅಂಗಾಲಿಗೆ ಮೆಲ್ಲಗೆ ತಟ್ಟಿದಳು.

"ಉಸಿರು ಬಿಡ್ರೀ."

ಅವನು ಬಿಟ್ಟ. ಉಸಿರಿನ ಜೊತೆ ಅಳುವೂ ಬಂತು. ಮಗಳ ಹಣೆಯ ಮೇಲಿನ ನಾಲ್ಕು ಕೂದಲು ಅಲುಗಿದವು. ಚಿಟಿಕೆ ಹಾರಿಹೋಗಲಿಲ್ಲ.